ಗುರುವಿನ ಹೆಸರು ಅಳಿಸಿದ ಇಪುಯ್

"ಇನ್ನೊಂದು ರೊಟ್ಟಿ ತಗೋ ಇಪುಯ್, ಯಾಕೋ ನುಂಗೋಕೆ ಅಷ್ಟು ಒದ್ದಾಡ್ತೀಯ? ನಾನೇನು ಮರಳು ಕಲಸಿ ಸುಟ್ಟಿದ್ದೀನಾ?"

"ಮರಳಿಲ್ಲದ ರೊಟ್ಟಿ ನಮ್ಮೂರಲ್ಲಿ ಯಾರ ಮನೇಲಿದೆ ಅಮ್ಮ?" ಅಂದ ಇಪುಯ್. ನಗಲು ನೋಡಿದ, ನಗು ಬರಲಿಲ್ಲ.

ರೊಟ್ಟಿ ಗಂಟಲಲ್ಲಿ ಸಿಕ್ಕಿಕೊಂಡದ್ದು ಮರಳಿನಿಂದಲ್ಲ. ಅವನು ಕುಳಿತಿದ್ದದ್ದು ಗುರು ಅಮುನ್‌ನಖ್ತನ ಗೋರಿಯ ಬಾಗಿಲಲ್ಲಿ, ರೊಟ್ಟಿ ಕೊಟ್ಟವಳು ಗುರುವಿನ ಹೆಂಡತಿ ಹೆನುತ್. ಎದುರು ಗೋಡೆಯಲ್ಲಿ ಗುರುವಿನ ಹೆಸರಿದ್ದ ಜಾಗವನ್ನು ಹಿಂದೊಮ್ಮೆ ಉಳಿಯಿಂದ ಕೊಚ್ಚಿ ಹಾಕಲಾಗಿತ್ತು. ನಿನ್ನೆಯಷ್ಟೇ ಇಪುಯ್ ಆ ಹಳ್ಳಕ್ಕೆ ಗಾರೆ ತುಂಬಿದ್ದ, ಇವತ್ತು ಅದರ ಮೇಲೆ ಹೆಸರನ್ನು ಹೊಸದಾಗಿ ಕೆತ್ತಬೇಕು.

"ಉತ್ತರದ ರಾಜಧಾನಿಯಿಂದ ಬಂದ ಪಾಪಿ ಯಾವನೋ, ನಮ್ಮ ಕೇರಿಯೋರು ಪೂರ್ತಿ ಹೆಸರು ಕೀಳ್ತಿರ್ಲಿಲ್ಲ," ಹೆನುತ್ ಗೊಣಗಿದಳು. "ನೀರಲ್ಲಿ ಮೊಸಳೆ ಹಿಡೀಲಿ ಅವನ್ನ, ನೆಲದ ಮೇಲೆ ಹಾವು ಹಿಡೀಲಿ!"

ಇಪುಯ್ ತಲೆ ತಗ್ಗಿಸಿದ. ಆ ಪಾಪಿ ಅವನೇ.

ನದಿಯ ಪಡುವಣ ದಡದ ಕಲ್ಲುಕುಟಿಗರ ಕೇರಿಯಲ್ಲಿ ಹುಟ್ಟಿದ ಅವನಿಗೆ ಅಪ್ಪ ಸತ್ತ ಮೇಲೆ ಉಳಿ ಹಿಡಿಯಲು ಕಲಿಸಿದ್ದು, ಅಕ್ಷರ ಕಲಿಸಿದ್ದು, ಕೊನೆಗೆ ಹೆಣ್ಣು ನೋಡಿ ಮದುವೆ ಮಾಡಿಸಿದ್ದು ಎಲ್ಲವೂ ಅಮುನ್‌ನಖ್ತನೇ. ಹೆಸರು ಕೆತ್ತುವಾಗ ಮಾತ್ರ ಗುರು ಯಾರಿಗೂ ಮಾತಾಡಲು ಬಿಡುತ್ತಿರಲಿಲ್ಲ. ಸತ್ತವರನ್ನು ಊಟಕ್ಕೆ ಕರೆಯುವುದೇ ಹೆಸರು ಹಿಡಿದು. ಗೋಡೆಯಲ್ಲಿ ಹೆಸರಿಲ್ಲದಿದ್ದರೆ ಇಟ್ಟ ರೊಟ್ಟಿ ಯಾರಿಗೆ ಅಂತ ತಲುಪಬೇಕು?

ಗುರು ತೀರಿಕೊಂಡ ಮೂರನೇ ವರ್ಷ ಅಂದಿನ ದೊರೆಯ ಅಪ್ಪಣೆ ಬಂತು. ಸೂರ್ಯಬಿಂಬ ಆಟೆನ್ ಒಬ್ಬನೇ ದೇವರು, ಅಮುನ್ ದೇವರ ಹೆಸರು ಎಲ್ಲೇ ಕಂಡರೂ ಕಿತ್ತು ಹಾಕಿ, ಗುಡಿಯಾದರೂ ಸರಿ, ಗೋರಿಯಾದರೂ ಸರಿ! ಸತ್ತವರ ಹೆಸರಲ್ಲಿ ಅಮುನ್ ಸೇರಿದ್ದರೆ ಅದೂ ಹೋಗಬೇಕು. ಇಡೀ ಕೇರಿಯೇ ಉಳಿ ಎತ್ತಿಕೊಂಡು ಹೊರಟಿತು. ಗೆಳೆಯ ಕಾಹಾ ದಾರಿಯಲ್ಲೇ ಪಿಸುಗುಟ್ಟಿದ್ದ: "ದೇವರ ಹೆಸರಷ್ಟೇ ಕೀಳೋ ಮಾರಾಯ, ಮಿಕ್ಕಿದ್ದು ಬಿಡು. ಸತ್ತೋರಿಗೆ ಅರ್ಧ ಹೆಸರಾದ್ರೂ ಇರ್ಲಿ."

ಎಲ್ಲರೂ ಹಾಗೇ ಮಾಡಿದರು. ಇಪುಯ್ ಗುರುವಿನ ಗೋಡೆಯ ಮುಂದೆ ನಿಂತಾಗ ಮಾತ್ರ ಬೆನ್ನ ಹಿಂದೆ ಅರಮನೆಯ ಅಧಿಕಾರಿ ಬಂದು ನಿಂತ. ಗುರು ಅಂತ ಕರುಣೆ ತೋರಿಸಿದ ಅಂದುಬಿಟ್ಟರೆ? ಇಪುಯ್ ಅಮುನ್ ಕಿತ್ತ, ಕೈ ನಿಲ್ಲಲಿಲ್ಲ, ನಖ್ತವನ್ನೂ ಕಿತ್ತ.

"ಅಮ್ಮ," ಅಂದ ಈಗ, "ಉತ್ತರದಿಂದ ಯಾರೂ ಬಂದಿರ್ಲಿಲ್ಲ. ಇದನ್ನ ಮಾಡಿದ್ದು ನಾನೇ."

"ಯಾವುದನ್ನೋ?"

ಅವನು ಗೋಡೆ ತೋರಿಸಿದ.

ಹೆನುತ್ ಗೋಡೆ ನೋಡಿದಳು, ಅವನನ್ನು ನೋಡಿದಳು, ಆಮೇಲೆ ಮೆಲ್ಲಗೆ ರೊಟ್ಟಿಯ ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ದೇವರ ಹೆಸರು ಕಿತ್ತೆ, ಸರಿ, ದೊರೆ ಹೇಳಿದ್ದ. ಮಿಕ್ಕಿದ್ದನ್ನ ಕೀಳೋಕೆ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ ಅಮ್ಮ. ಹಿಂದೆ ಅಧಿಕಾರಿ ನಿಂತಿದ್ದ, ಹೆದರಿಬಿಟ್ಟೆ."

"ಅವನೇನಂದ?"

ಇಪುಯ್‌ಗೆ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. "'ಇಷ್ಟೆಲ್ಲ ಯಾರಪ್ಪ ಕೇಳಿದ್ರು' ಅಂತ ನಕ್ಕ. ಒಂದು ಗಡಿಗೆ ಬೀರು ಕೊಟ್ಟ."

"ಕುಡಿದ್ಯಾ?"

"ಕುಡಿದೆ." ರುಚಿಯಾಗಿತ್ತು ಅನ್ನುವುದನ್ನು ಮಾತ್ರ ಹೇಳಲಾಗಲಿಲ್ಲ.

"ಹನ್ನೊಂದು ವರ್ಷ," ಅಂದಳು ಹೆನುತ್. "ಹತ್ತು ದಿನಕ್ಕೊಂದು ಸಲ ರೊಟ್ಟಿ ಹೊತ್ಕೊಂಡು ಗುಡ್ಡ ಹತ್ತಿದ್ದೀನಿ. ಯಾರು ತಿಂದ್ರೋ ಏನೋ! ಗುಡಿ ಬಾಗಿಲು ತೆಗೆಸಿ, ಕಿತ್ತ ಹೆಸರೆಲ್ಲ ಮತ್ತೆ ಕೆತ್ತಿ ಅಂತ ಹೊಸ ದೊರೆ ಹೇಳಿದ ದಿನ, ನಾನು ಯಾರ ಮನೆಗೆ ಓಡಿ ಬಂದೆ? ಅವರ ಶಿಷ್ಯನೇ ಕೆತ್ತಲಿ ಅಂತ ನಿನ್ನ ಬಾಗಿಲಿಗೇ ಬಂದ್ನಲ್ಲೋ!"

"ಕಾಹಾನ್ನ ಕರ್ಕೊಂಡು ಬರ್ಲಾ ಅಮ್ಮ? ಅವನು ಕೆತ್ತಲಿ."

"ಗಲೀಜು ಮಾಡೋದು ನೀನು, ಬಳಿಯೋಕೆ ಇನ್ನೊಬ್ಬನಾ? ಉಳಿ ತಗೋ."

ತಗೊಂಡ. ಅವಳು ಹಿಂದೆಯೇ ನಿಂತಿದ್ದಳು, ಅಂದು ಅಧಿಕಾರಿ ನಿಂತಿದ್ದ ಜಾಗದಲ್ಲೇ. ಇಪುಯ್‌ನ ಕಿವಿ, ಕತ್ತು ಎಲ್ಲ ಬಿಸಿಯಾಗಿ, ಬೆವರು ಗಾರೆಯ ಮೇಲೆ ತೊಟ್ಟಿಕ್ಕಿ, ಅದನ್ನು ಒರೆಸಿ ಒರೆಸಿ ಕೆತ್ತಿದ. ಮಧ್ಯಾಹ್ನದ ಹೊತ್ತಿಗೆ ಪೂರ್ತಿ ಹೆಸರು ಗೋಡೆಗೆ ಬಂತು.

ಹೆನುತ್ ಅದರ ಕೆಳಗೆ ರೊಟ್ಟಿ, ಈರುಳ್ಳಿ ಇಟ್ಟಳು. "ಕರಿ ಅವರನ್ನ. ನೀನೇ ಊಟಕ್ಕೆ ಕರಿ."

ಇಪುಯ್ ಬಾಯಿ ತೆರೆದ. "ಅಮುನ್..." ಅಷ್ಟೇ. ಮುಂದಿನದು ಹೊರಡಲೇ ಇಲ್ಲ. ಮತ್ತೆ ತೆರೆದ, ಬರೀ ಗಾಳಿ ಬಂತು. ಮುಖ ಮುಚ್ಚಿಕೊಂಡು ಅಲ್ಲೇ ಕುಸಿದ.

"ಸಾಕು ಬಿಡು, ಅವರು ಹಸಿದಿದ್ದಾರೆ," ಅಂದ ಹೆನುತ್ ತಾನೇ ಗಂಡನ ಹೆಸರನ್ನು ಪೂರ್ತಿಯಾಗಿ, ಗಟ್ಟಿಯಾಗಿ ಕೂಗಿ ಕರೆದಳು. ಆಮೇಲೆ ಬುಟ್ಟಿ ತಲೆಗೇರಿಸಿದಳು.

"ಕ್ಷಮಿಸಿದಳು ಅಂದ್ಕೋಬೇಡ. ಇವತ್ತಿಗೆ ಹತ್ತನೇ ದಿನ ಇಲ್ಲಿಗೇ ಬಾ. ರೊಟ್ಟಿ ನಿನ್ನ ಮನೇದು. ಕರೆಯೋನೂ ನೀನೇ, ಪೂರ್ತಿ ಹೆಸರು."

"ಬರ್ತೀನಮ್ಮ."

"ಬಿಸಿಲೇರೋಕೆ ಮುಂಚೆ ಬಾ," ಅಂದು ಹೆನುತ್ ಗುಡ್ಡ ಇಳಿಯತೊಡಗಿದಳು.