ಅಪ್ಪ ಪ್ರಾರ್ಥನೆ ನಿಲ್ಲಿಸಿದ ಮಳೆಗಾಲ

ಆಗಿನ ಕಲಬುರಗಿಯಲ್ಲಿ ಟಾಂಗಾದ ಕುದುರೆ ದಣಿಯಬಹುದಿತ್ತು. ಗಿರಣಿಯ ಕೂಲಿಯವನು ಭೋಂಗಾ ಕೂಗಿದ ಮೇಲೆ ದಣಿಯಬಹುದಿತ್ತು. ಪಾದ್ರಿ ಮಾತ್ರ ದಣಿಯಬಾರದಿತ್ತು. ನಮ್ಮ ಅಪ್ಪ ಪಾದ್ರಿ.

ನಿಜಾಮರ ಆಳಿಕೆಯ ಕಾಲ ಅದು. ಕಚೇರಿಯಲ್ಲಿ ಉರ್ದು, ಗಂಜ್‌ನ ಪೇಟೆಯಲ್ಲಿ ಅರ್ಧ ಉರ್ದು ಅರ್ಧ ಕನ್ನಡ, ಚರ್ಚಿನಲ್ಲಿ ಮಿಷನ್ನಿನ ಬಿಳಿ ದೊರೆಗಳಿಗೆ ಒಪ್ಪಿಗೆಯಾದ ಪುಸ್ತಕದ ಕನ್ನಡ, ಮನೆಯಲ್ಲಿ ನಮ್ಮದೇ ಮಾತು. ಊರವರು, ಹಿಂದೂಗಳಿರಲಿ ಮುಸಲ್ಮಾನರಿರಲಿ, ಅಪ್ಪನನ್ನು ‘ಪಾದ್ರಿ ಸಾಬ್’ ಎನ್ನುತ್ತಿದ್ದರು. ಚರ್ಚಿನ ಗೋಡೆಗೆ ಅಂಟಿಕೊಂಡೇ ನಮ್ಮ ಮನೆ. ಹಾಗಾಗಿ ನಮ್ಮ ಮನೆಗೆ ಕದ ಇದ್ದೂ ಇರಲಿಲ್ಲ. ಅವ್ವ ರೊಟ್ಟಿ ಬಡಿಯುತ್ತಿರುವಾಗಲೇ ಯಾರಾದರೂ ಬಂದು ಕಟ್ಟೆಯ ಮೇಲೆ ಕೂತು, “ಪಾದ್ರಿ ಸಾಬ್ರ, ಜರಾ ಬರ್ರಿ” ಎನ್ನುವರು. ಅಪ್ಪ ಪುಂಡಿಪಲ್ಯ ಹಚ್ಚಿದ ತುತ್ತನ್ನು ತಾಟಿನಲ್ಲೇ ಬಿಟ್ಟು ಏಳುವರು. ಅವ್ವ ತಾಟು ಮುಚ್ಚಿಡುವಳು.

ದೊಡ್ಡ ಜ್ವರ ಬಂದ ವರ್ಷ ಅವಳು ತಾಟು ಮುಚ್ಚಿಡುವುದನ್ನೂ ಬಿಟ್ಟಳು. ದಂಡಿನಿಂದ ಮರಳಿದವರ ಜೊತೆ ರೈಲಿನಲ್ಲಿ ಬಂದ ಜ್ವರ ಅದು ಎನ್ನುತ್ತಿದ್ದರು. ಬೆಳಗ್ಗೆ ಕೆಮ್ಮಿದವರು ಮರುದಿನ ಇರುತ್ತಿರಲಿಲ್ಲ. ಓಣಿಯ ತುಂಬ ಬೇವಿನ ಸೊಪ್ಪಿನ ಹೊಗೆ, ಲೋಬಾನದ ವಾಸನೆ. ಅಪ್ಪ ಹೋಗಿ ಹೂಳಿದರು, ಬಂದು ಕೈ ತೊಳೆದರು, ಮತ್ತೆ ಹೂಳಲು ಹೋದರು. ಹೊರುವವರು ಸಿಗದಾಗ ತಾವೇ ಹೆಗಲು ಕೊಟ್ಟರು. ಅವರು ಅತ್ತದ್ದನ್ನು ನಾನು ನೋಡಲಿಲ್ಲ. ಪಾದ್ರಿ ಅಳಬಾರದು ಎಂಬುದೂ ಆಗಿನ ಒಂದು ಕಾನೂನು.

ಜ್ವರ ಹೋಯಿತು. ನಮ್ಮ ಆಟದಲ್ಲಿ ಉಳಿಯಿತು. ನಾನು ಮತ್ತು ತಂಗಿ ದೀನಿ ಮೊದಲು ಗಜ್ಜುಗ ಇಟ್ಟುಕೊಂಡು ಹರಳಾಟ ಆಡುತ್ತಿದ್ದವರು, ಈಗ ಅದೇ ಗಜ್ಜುಗಗಳಿಗೆ ಅರಿವೆ ಸುತ್ತಿ ಬೇವಿನ ಗಿಡದ ಬುಡದಲ್ಲಿ ಹೂಳುತ್ತಿದ್ದೆವು. ದೀನಿ ಅಳುವವಳು, ನಾನು ಪಾದ್ರಿ. ಬೇಸಿಗೆಯ ಒಂದು ಮಧ್ಯಾಹ್ನ, “ಮಣ್ಣಿಗೆ ಮಣ್ಣು, ಬೂದಿಗೆ ಬೂದಿ” ಎಂದು ಅಪ್ಪನ ದನಿಯಲ್ಲೇ, ಅವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದರೋ ಅಲ್ಲೇ ತೆಗೆದುಕೊಂಡು ಹೇಳುತ್ತಿದ್ದೆ. ತಲೆ ಎತ್ತಿದರೆ ಅಪ್ಪ ನಿಂತಿದ್ದರು.

“ಬಾಯಿಪಾಠ ಬರ್ತದೇನು ನಿನಗ?”

“ಎಲ್ಲಾ ಬರ್ತದ ಅಪ್ಪಾ,” ಎಂದೆ ಹೆಮ್ಮೆಯಿಂದ.

“ನನಗೂ ಈಗ ಬಾಯಿಪಾಠ ಅಷ್ಟೇ ಬರ್ತದ,” ಎಂದು ಅಪ್ಪ ನಮ್ಮ ಪಕ್ಕದಲ್ಲಿ ಮಣ್ಣಿನ ಮೇಲೇ ಕೂತುಬಿಟ್ಟರು. ಅವ್ವ ಬಂದು ಕೈ ಹಿಡಿದು ಎಬ್ಬಿಸಬೇಕಾಯಿತು.

ಆ ಭಾನುವಾರ ಆರಾಧನೆಯಲ್ಲಿ ಕೀರ್ತನೆ ಮುಗಿದು ಎಲ್ಲರೂ ಪ್ರಾರ್ಥನೆಗೆ ತಲೆ ಬಗ್ಗಿಸಿದರು. ಅಪ್ಪ ಬಾಯಿ ತೆರೆಯಲಿಲ್ಲ. ಯಾರದೋ ಕೂಸು ಅತ್ತು ಸುಮ್ಮನಾಯಿತು. ಹೊರಗೆ ಟಾಂಗಾ ಹೋದ ಸದ್ದು ಕೇಳಿಸಿತು. ಜನ ಒಬ್ಬೊಬ್ಬರಾಗಿ ತಲೆ ಎತ್ತಿ ನೋಡತೊಡಗಿದರು. ಆಗ ಅಪ್ಪ, ಪುಸ್ತಕದ ಕನ್ನಡ ಬಿಟ್ಟು ಮನೆಯ ಕನ್ನಡದಲ್ಲಿ ಹೇಳಿದರು.

“ನಿಮ್ಮ ಸಲುವಾಗಿ ಪ್ರಾರ್ಥನಾ ಮಾಡಾಕ ನಿಂತೀನಿ. ಮಾತು ಬರಾಕತ್ತಾವ, ನಾ ಅದರಾಗ ಇಲ್ಲ. ಭಾಳ ದಿನ ಆತು ಹಿಂಗಾಗಿ. ಇಷ್ಟು ದಿನ ನಿಮಗ ಹೇಳಲಿಲ್ಲ. ಮಳಿಗಾಲ ಮುಗಿಯೂ ತನಕ ಕಮಲಾಪುರದಾಗ ನಮ್ಮ ಅಕ್ಕನ ತೋಟದಾಗ ಇರ್ತೀನಿ. ಅಲ್ಲಿ ಪಾದ್ರಿ ಆಗಿ ಇರಾಂಗಿಲ್ಲ.”

ಆಶೀರ್ವಾದ ಹೇಳದೆ ಕೆಳಗಿಳಿದರು. ಸಭೆಯ ಹಿರಿಯ ಯಾಕೋಬಪ್ಪ ಅವರ ಹಿಂದೆಯೇ ನಮ್ಮ ಮನೆಗೆ ಬಂದ. ಗಿರಣಿಯಲ್ಲಿ ಜಮಾದಾರನಾಗಿದ್ದವನು, ದನಿ ದೊಡ್ಡದು.

“ದೊರಿ ಬೆಟ್ಟಕ್ಕ ಹೋಗ್ಯಾರ. ಅವರಿಗಿ ಕೇಳದೆ ಹೆಂಗ ಹೋಗ್ತೀರಿ? ಕುರಿ ಬಿಟ್ಟು ಕುರುಬ ಓಡೂದು ಎಲ್ಲ್ಯಾರ ಅದ ಏನ್ರಿ?”

ಅಪ್ಪ ಉತ್ತರ ಕೊಡುವ ಮೊದಲೇ ಅವ್ವ ಒಲೆಯ ಮುಂದಿನಿಂದ ಎದ್ದು ಬಂದಳು. ಕೈಯೆಲ್ಲ ಹಿಟ್ಟು.

“ಯಾಕೋಬಪ್ಪನವರ, ದೊರಿ ವರ್ಷಾ ಬ್ಯಾಸಿಗ್ಯಾಗ ಬೆಟ್ಟ ಏರ್ತಾರ. ನಾಕಾರು ವರ್ಷಕ್ಕೊಮ್ಮೆ ಹಡಗ ಹತ್ತಿ ಅವರ ಊರಿಗಿ ಹೋಗಿ ಬರ್ತಾರ. ಅದಕ್ಕ ವಿಶ್ರಾಂತಿ ಅಂತೀರಿ. ನಮ್ಮವರು ಕಮಲಾಪುರಕ್ಕ ಹೋದ್ರ ಓಡಿ ಹೋಗೂದು ಹೆಂಗ ಆತು?”

“ಅವರು ದೊರಿಗೋಳು, ಅಮ್ಮಾರ.”

“ಅವರ ಮೈಯಾಗ ಇರೂದೂ ನಮ್ಮಂಥಾ ಎಲುಬ ಅಲ್ಲೇನು?”

ಯಾಕೋಬಪ್ಪ ಹೊಸ್ತಿಲು ದಾಟಿ ಹೊರಟುಹೋದ. ನಾವು ಬಂಡಿ ಕಟ್ಟಿಸಿಕೊಂಡು ಹೊರಟ ಬೆಳಗ್ಗೆ ಯಾರೂ ಕಳಿಸಲು ಬರಲಿಲ್ಲ. ಅವನ ತಾಯಿ ಮರಿಯವ್ವ ಆಯಿ ಮಾತ್ರ ಕೋಲೂರಿಕೊಂಡು ಬಂದು ದೀನಿಯ ಕೈಗೆ ಶೇಂಗಾ ಉಂಡಿ ಕೊಟ್ಟಳು. ಅಪ್ಪನನ್ನು ನೋಡಿ, “ಪೂರಾ ನಿದ್ದಿ ಮಾಡಪ್ಪ” ಎಂದಳು. ಇಡೀ ಸಭೆಯಲ್ಲಿ ಆ ಮಾತು ಹೇಳಿದವಳು ಅವಳೊಬ್ಬಳೇ.

ಮಹಾಗಾಂವ ದಾಟಿ, ದಾರಿಯಲ್ಲಿ ಎತ್ತು ಬಿಟ್ಟು ಬುತ್ತಿ ಉಂಡು, ಸಂಜೆಗೆ ಕಮಲಾಪುರ ಸೇರಿದೆವು. ಅಪ್ಪನ ಅಕ್ಕ, ನಮ್ಮ ಅತ್ತಿ, ಗಂಡ ತೀರಿಕೊಂಡ ಮೇಲೆ ಅಲ್ಲಿ ಬಾವಿಯ ನೀರಿನ ಮೇಲೆ ಬಾಳೆ ಬೆಳೆಸಿಕೊಂಡಿದ್ದಳು. ಕಮಲಾಪುರದ ಕೆಂಪು ಬಾಳೆ. ಸಿಪ್ಪೆ ಕೆಂಪು, ದಿಂಡು ಕೆಂಪು. ಸುಲಿದರೆ ಮನೆಯೆಲ್ಲ ಘಮ. ಅತ್ತಿ ಏನೂ ಕೇಳಲಿಲ್ಲ. ಜೋಳದ ನುಚ್ಚು, ಮಜ್ಜಿಗೆ ಕೊಟ್ಟಳು, ಹೊರಸು ಹಾಕಿದಳು. ಅಪ್ಪ ಮಲಗಿದರು.

ಅವರು ಹಾಗೆ ಮಲಗಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಬಿಸಿಲು ಹೊರಸಿನ ಮೇಲೆ ಬಂದರೆ ನೆರಳಿಗೆ ಎಳೆದುಕೊಂಡು ಮತ್ತೆ ಮಲಗುವರು. ಎದ್ದಾಗ ಉಣ್ಣುವರು, ನೀರಿನ ಕಾಲುವೆಯ ಕಸ ತೆಗೆಯುವರು, ಸುಮ್ಮನಿರುವರು. ಊಟದ ಮುಂದೆ ಪ್ರಾರ್ಥನೆಯನ್ನು ಅತ್ತಿ ಮಾಡುತ್ತಿದ್ದಳು. ಅಪ್ಪನ ಸತ್ಯವೇದ ಟ್ರಂಕಿನಲ್ಲೇ ಇತ್ತು. ನನಗೆ ಹೆದರಿಕೆಯಾಗುತ್ತಿತ್ತು. ಅಪ್ಪ ದೇವರನ್ನು ಬಿಟ್ಟರೇ? ಕೇಳುವ ಧೈರ್ಯವಿಲ್ಲ. ಒಂದು ದಿನ ಬಾವಿಯ ಹತ್ತಿರ ನೆರೆಯ ಹೆಂಗಸೊಬ್ಬಳು ಕೊಡ ಇಳಿಸಿ, “ನಿಮ್ಮಪ್ಪ ಹಳೀ ದೇವ್ರಿಗಿ ತಿರಗಿ ಬಂದಾನಂತಲ್ಲ, ಖರೇನು?” ಎಂದು ನಕ್ಕಳು. ನನ್ನ ಹೆದರಿಕೆಯೆಲ್ಲ ಸಿಟ್ಟಾಯಿತು.

“ನಮ್ಮಪ್ಪ ನಿದ್ದಿ ಮಾಡಾಕತ್ತಾರ. ನಿದ್ದಿ ಮಾಡಿದ್ರ ಧರ್ಮ ಬಿಡ್ತದೇನು? ನೀ ಮಲಗಿದಾಗ ನಿನ್ನ ದೇವ್ರು ಎದ್ದು ಹೋಗ್ತಾನೇನು?”

ಅವಳು ಬಾಯಿ ಮೇಲೆ ಕೈಯಿಟ್ಟುಕೊಂಡಳು. ಹಿರಿಯರಿಗೆ ಎದುರಾಡಿದ್ದಕ್ಕೆ ಅವ್ವನಿಂದ ಏಟು ಬಿತ್ತು. ಏಟು ಕೊಟ್ಟ ಕೈಯೇ ಆ ಸಂಜೆ ನನ್ನ ರೊಟ್ಟಿಗೆ ಹೆಚ್ಚು ಬೆಣ್ಣೆ ಹಾಕಿತು.

ಮಳೆ ಹಿಡಿಯಿತು. ಎಲೆಗಳ ಮೇಲೆ ಹನಿ ಬೀಳುವ ಸದ್ದಿಗೆ ಮಾತೇ ಕೇಳಿಸುತ್ತಿರಲಿಲ್ಲ. ಅಪ್ಪ ನಮ್ಮ ಜೊತೆ ಕುಂಟಾಬಿಲ್ಲೆ ಆಡಿದರು, ಗೆರೆ ತುಳಿದು ಸೋತು, ತುಳಿಯಲಿಲ್ಲವೆಂದು ದೀನಿಯ ಜೊತೆ ಜಗಳಕ್ಕೆ ನಿಂತರು. ಅವರ ನಗು ಹೇಗಿದೆ ಎಂದು ನಮಗೆ ಗೊತ್ತಾದದ್ದು ಅಲ್ಲಿ.

ಶ್ರಾವಣದ ನಡುವೆ ಯಾಕೋಬಪ್ಪ ಬಂದ. ಬಂಡಿಯಿಂದ ಇಳಿದವನ ಮೊಣಕಾಲವರೆಗೆ ಕೆಸರು. ಅವನ ದೊಡ್ಡ ದನಿ ಎಲ್ಲೋ ಹೋಗಿತ್ತು.

“ಅವ್ವಗ ಭಾಳ ಆಗ್ಯದ ಪಾದ್ರಿ ಸಾಬ್ರ. ಇವತ್ತೋ ನಾಳಿಯೋ. ನಿಮ್ಮ ಹೆಸರು ತಗೊಂಡಾಳ. ಬಂಡಿ ತಂದೀನಿ.”

ಮರಿಯವ್ವ ಆಯಿ. ಅತ್ತಿ ಸೆರಗು ಬಾಯಿಗೆ ಒತ್ತಿಕೊಂಡಳು. ಎಲ್ಲರೆದುರೂ ಗೋಡೆಯಂತೆ ನಿಂತಿದ್ದ ಅವ್ವ ಕರಗಿಹೋದಳು. “ಹೋಗಿ ಬರ್ರಿ,” ಎಂದಳು ಅಪ್ಪನಿಗೆ. “ಸಾಯೋರ ಮನಿ. ಒಂದು ದಿನದ ಮಾತು.”

ಅಪ್ಪ ಕೈಯಲ್ಲಿದ್ದ ಸಲಿಕೆಯನ್ನು ನೆಲಕ್ಕಿಟ್ಟರು. ಅವರು ಒಳಗೆ ಹೋಗಿ ಕೋಟು ಹಾಕಿಕೊಂಡು ಬರುತ್ತಾರೆ ಎಂದುಕೊಂಡೆ.

“ನಾ ಬರಾಂಗಿಲ್ಲ ಯಾಕೋಬಪ್ಪ.”

ಯಾಕೋಬಪ್ಪನಿಗೆ ಅದು ಅರ್ಥವೇ ಆಗಲಿಲ್ಲ. ಅಪ್ಪ ಅವನ ಹತ್ತಿರ ಹೋದರು.

“ನಾ ಬಂದ್ರ ನನ್ನ ಕೋಟು ಬರ್ತದ, ಪುಸ್ತಕ ಬರ್ತದ, ಬಾಯಿಪಾಠ ಬರ್ತದ. ಜ್ವರದ ದಿನದಾಗ ಎಲ್ಲರಿಗೂ ಅದನ್ನೇ ಕೊಟ್ಟೀನಿ. ನಿಮ್ಮ ಅವ್ವಗ ಅದನ್ನ ಕೊಡಾಂಗಿಲ್ಲ. ನೀ ಆಕಿ ಹೊಟ್ಟ್ಯಾಗ ಹುಟ್ಟಿದಾಂವ. ಆಕಿ ಕೈ ಹಿಡಕೊಂಡು ನೀನ ಪ್ರಾರ್ಥನಾ ಮಾಡು.”

“ನನಗ ಬರಾಂಗಿಲ್ಲ.”

“ನನಗೂ ಬರಾಂಗಿಲ್ಲ ಈಗ. ನಿನಗರ ಆಕಿ ಮ್ಯಾಲ ಅಳು ಬರ್ತದ. ಹೋಗು, ಹೊತ್ತು ಕಳೀಬ್ಯಾಡ.”

ಯಾಕೋಬಪ್ಪ ಅಪ್ಪನ ಕಾಲ ಬಳಿ ಉಗುಳಿ ಬಂಡಿ ಹತ್ತಿದ. ಅವ್ವ ಅಪ್ಪನ ಮುಖ ನೋಡದೆ ಒಳಗೆ ಹೋದಳು.

ಸಂಜೆ ಮಳೆ ನಿಂತಿತ್ತು. ಊಟಕ್ಕೆ ಕರೆಯಲು ಅತ್ತಿ ನನ್ನನ್ನು ಕಳಿಸಿದಳು. ಅಪ್ಪ ತೋಟದ ಕೊನೆಯಲ್ಲಿ ಕಾಲುವೆಯ ಬದುವಿನ ಮೇಲೆ ಕೂತು ಯಾರನ್ನೋ ಕರೆಯುತ್ತಿದ್ದರು. ಹತ್ತಿರ ಹೋದಾಗ ಗೊತ್ತಾಯಿತು, ಹೆಸರುಗಳು. ಮೊದಲು ಮರಿಯವ್ವ ಆಯಿಯ ಹೆಸರು. ಆಮೇಲೆ ಜ್ವರದಲ್ಲಿ ಹೋದವರು, ಒಬ್ಬೊಬ್ಬರಾಗಿ. ಟಾಂಗಾದ ಶಾಂತಪ್ಪ. ಅವನ ಹೆಂಡತಿ. ಹೆಸರಿಡುವ ಮೊದಲೇ ಹೋದ ಅವರ ಕೂಸು. ಒಂದು ಹೆಸರು ಹೇಳುವರು, ಅಳುವರು, ಮೂಗು ಒರೆಸಿಕೊಂಡು ಇನ್ನೊಂದು ಹೇಳುವರು. ಹೂಳಿದವರೆಲ್ಲರಿಗಾಗಿ ಅಪ್ಪ ಅಂದು ಮೊದಲ ಸಲ ಅತ್ತರು. ನಾನು ಪಕ್ಕದಲ್ಲಿ ಕೂತೆ. ನನಗೆ ಗೊತ್ತಿದ್ದ ಒಂದು ಹೆಸರನ್ನು ನಾನೂ ಹೇಳಿದೆ, ನನ್ನ ಜೊತೆ ಹರಳಾಟ ಆಡುತ್ತಿದ್ದ ಸುಂದ್ರಿಯದು. ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು, “ಹೌದು, ಸುಂದ್ರಿ,” ಎಂದರು. ಅದು ಪ್ರಾರ್ಥನೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಬೆಟ್ಟದಿಂದ ಇಳಿದ ದೊರೆಯವರು ಮಳೆಗಾಲದ ಕೊನೆಗೆ ಕುದುರೆಯ ಮೇಲೆ ಕಮಲಾಪುರಕ್ಕೇ ಬಂದರು. ಕೆಟ್ಟ ಮನುಷ್ಯರಲ್ಲ. ಅತ್ತಿ ಕೊಟ್ಟ ಬಾಳೆಹಣ್ಣು ತಿಂದು ಚೆನ್ನಾಗಿದೆ ಎಂದರು. ಆಮೇಲೆ ತಮ್ಮ ಪುಸ್ತಕದ ಕನ್ನಡದಲ್ಲಿ, “ನೀವು ಅನುಮತಿಯನ್ನು ಹೊಂದದೆ ಸಭೆಯನ್ನು ತೊರೆದಿರಿ. ಸಾಯುವವಳ ಕರೆಗೂ ಹೋಗಲಿಲ್ಲ. ತಪ್ಪಾಯಿತು ಎಂದು ಸಭೆಯ ಮುಂದೆ ಹೇಳಿದರೆ ಮೊದಲಿನಂತೆಯೇ ಇರಬಹುದು,” ಎಂದರು.

“ಮರಿಯವ್ವನ ಸಲುವಾಗಿ ನನಗ ದುಃಖ ಅದ,” ಎಂದರು ಅಪ್ಪ. “ಸಾಯೂ ತನಕ ಇರ್ತದ. ಆದರ ದಣಿದದ್ದು ತಪ್ಪಲ್ಲ, ದಣಿದೀನಿ ಅಂತ ಹೇಳಿದ್ದೂ ತಪ್ಪಲ್ಲ. ಸುಳ್ಳ ಹೆಂಗ ಹೇಳ್ಲಿ ದೊರಿ?”

“ನಾನು ದಣಿದಿಲ್ಲವೆ?” ಎಂದರು ದೊರೆ, ಸ್ವಲ್ಪ ನೊಂದು.

ಬಾಗಿಲಲ್ಲಿ ನಿಂತಿದ್ದ ಅವ್ವ ಹೇಳಿದಳು, “ನೀವೂ ದಣಿದೀರಿ. ಅದಕ್ಕ ಬೆಟ್ಟಕ್ಕ ಹೋಗಿದ್ರಿ. ನಾವೇನಾರ ಅಂದೇವೇನು?”

ದೊರೆಯವರ ಮುಖ ಕೆಂಪಾಯಿತು. ಕುದುರೆ ಹತ್ತುವಾಗ ಅವರು ಅವ್ವನಿಗೆ ಟೋಪಿ ತೆಗೆದು ನಮಸ್ಕಾರ ಮಾಡಿದರು. ಆದರೂ ತೀರ್ಪು ಬದಲಾಗಲಿಲ್ಲ. ಕಲಬುರಗಿಯ ಚರ್ಚು ಬೇರೆಯವರಿಗೆ ಹೋಯಿತು, ಗೋಡೆಗೆ ಅಂಟಿದ ಆ ಮನೆಯೂ ಹೋಯಿತು. ಅಪ್ಪನನ್ನು ಪಾದ್ರಿಯ ಪಟ್ಟದಿಂದ ಇಳಿಸಿ ಕಮಲಾಪುರದ ಸುತ್ತಿನ ಹಳ್ಳಿಗಳಿಗೆ ಉಪದೇಶಿ ಮಾಡಿದರು. ಶಿಕ್ಷೆ ಎಂದು ಕೊಟ್ಟರು. ಅಪ್ಪ ಕೆಲಸ ಎಂದು ತೆಗೆದುಕೊಂಡರು. ಹಳ್ಳಿಯಿಂದ ಹಳ್ಳಿಗೆ ನಡೆದು, ಮನೆಯ ಕನ್ನಡದಲ್ಲೇ ಬೋಧಿಸಿದರು. ಪ್ರತಿ ಮಳೆಗಾಲ ಬಂದಾಗ, “ಇನ್ನ ಸ್ವಲ್ಪ ದಿನ ನಾ ಬರಾಂಗಿಲ್ಲ, ನಿಮ್ಮಷ್ಟಕ್ಕ ನೀವು ಪ್ರಾರ್ಥನಾ ಮಾಡಿಕೊಳ್ರಿ,” ಎಂದು ಹೇಳಿ ಅತ್ತಿಯ ತೋಟ ಸೇರುತ್ತಿದ್ದರು. ದೊರೆಗಳಿಗೆ ಅದನ್ನೂ ಮುಚ್ಚಿಡದೆ ತಿಳಿಸುತ್ತಿದ್ದರು. ಒಮ್ಮೆಯೂ ಅಪ್ಪಣೆ ಕೇಳಲಿಲ್ಲ. ಅವರನ್ನು ಇಳಿಸಲು ಇನ್ನೂ ಕೆಳಗಿನ ಮೆಟ್ಟಿಲೂ ಇರಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ನನ್ನ ಮದುವೆಗೆ ಯಾಕೋಬಪ್ಪ ಬಂದ. ಊಟವಾದ ಮೇಲೆ ಅಪ್ಪನ ಪಕ್ಕ ಕೂತು, ನೆಲ ನೋಡುತ್ತಾ ಹೇಳಿದ, “ಅವ್ವನ ಕೈ ಹಿಡಕೊಂಡೆ. ಮಾತು ಬರಲಿಲ್ಲ. ಆಕೀನ ನನ್ನ ಸಲುವಾಗಿ ಪ್ರಾರ್ಥನಾ ಮಾಡಿ ಕಣ್ಣ ಮುಚ್ಚಿದಳು.” ಎಲೆಗೆ ಸುಣ್ಣ ಹಚ್ಚುತ್ತಾ, “ಆದ್ರೂ ನೀವು ಬರಬೇಕಾಗಿತ್ತು,” ಎಂದ.

“ಹೌದು, ಹಂಗೂ ಅನಿಸ್ತದ,” ಎಂದರು ಅಪ್ಪ. ಇಬ್ಬರೂ ಎಲೆಯಡಿಕೆ ಹಾಕಿಕೊಂಡರು.

ಈಗ ನಿಜಾಮರಿಲ್ಲ, ದೊರೆಗಳಿಲ್ಲ. ಅತ್ತಿಯ ಬಾವಿಯನ್ನು ಮುಚ್ಚಿ ಮನೆ ಕಟ್ಟಿದ್ದಾರೆ. ಕೆಂಪು ಬಾಳೆ ಪೇಟೆಗೆ ಬರುತ್ತದೆ, ಮೂಗಿಗೆ ಹಿಡಿದರೆ ಆ ಘಮವಿಲ್ಲ. ಅಥವಾ ನನ್ನ ಮೂಗಿಗೆ ವಯಸ್ಸಾಗಿದೆ. ಪಾದ್ರಿಗಳಿಗೆ ಈಗ ವಿಶ್ರಾಂತಿಯ ರಜೆ ಸಿಗುತ್ತದೆ, ನಿಯಮದ ಪ್ರಕಾರ, ಹಾರ ಹಾಕಿ ಕಳಿಸುತ್ತಾರೆ. ಸಂತೋಷ. ಹೋದ ವರ್ಷ ನಮ್ಮ ಎಳೆಯ ಪಾದ್ರಿಯೊಬ್ಬರು ಹಾಗೆ ಹೋದವರು, ರಜೆ ಮುಗಿಯುವ ಮೊದಲೇ ಓಡೋಡಿ ಬಂದರು. “ಅಷ್ಟು ದಿನ ಸುಮ್ಮನೆ ಕೂತರೆ ಜನ ಏನೆಂದಾರು ಅಜ್ಜಿ?” ಎಂದರು. ಪಾಪ, ಕಣ್ಣ ಕೆಳಗೆ ಕಪ್ಪು ಹಾಗೆಯೇ ಇತ್ತು.

ಕಳೆದುಹೋದದ್ದು ತೋಟವಲ್ಲ. ಜನ ಏನೆಂದಾರು ಎಂಬುದಕ್ಕೆ ಬೆನ್ನು ತಿರುಗಿಸಿ ಹೊರಸಿನ ಮೇಲೆ ಮಲಗುವ ಎದೆಗಾರಿಕೆ ಹೋಗಿದೆ. ಕಲಬುರಗಿಯ ಹಳಬರು ಈಗಲೂ ನನ್ನನ್ನು ಕಂಡರೆ ಪಕ್ಕದವರ ಕಿವಿಯಲ್ಲಿ, “ಓಡಿ ಹೋದ ಪಾದ್ರಿ ಮಗಳು” ಎನ್ನುತ್ತಾರೆ. ಕಿವಿಯಲ್ಲಿ ಯಾಕೆ, ಗಟ್ಟಿಯಾಗಿಯೇ ಅನ್ನಲಿ. ನನ್ನ ಹೆಸರನ್ನೇ ಕರೆದಂತೆ ನಾನು ತಿರುಗಿ ನೋಡುತ್ತೇನೆ.