ಆ ಫ್ಯಾನ್ ಹಂಗೇ ಇರ್ಲಿ ಅತ್ತಿಗೆ

ಹೊಸ ಎಕ್ಸಾಸ್ಟ್ ಫ್ಯಾನ್ ಹಾಕಿಸಿದ ದಿನವೇ ಬಾತ್‌ರೂಮಿನಿಂದ ಮತ್ತೆ ಸದ್ದು ಬಂತು. ಅಂಗಡಿಯವನಿಗೆ ಸರಿಯಾಗಿ ಬೈಯೋಣ ಎಂದು ಫೋನ್ ಎತ್ತಿಕೊಂಡೆ. ನಂಬರ್ ಹುಡುಕುವಷ್ಟರಲ್ಲಿ ಗೊತ್ತಾಯಿತು, ಸದ್ದು ಫ್ಯಾನಿನದ್ದಲ್ಲ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ನನ್ನ ತವರುಮನೆ ಉಪ್ಪುಂದದಲ್ಲಿ. ಅಲ್ಲಿ ಈಗ ಇರುವುದು ಇಬ್ಬರು. ನನ್ನ ಅಮ್ಮ, ಮತ್ತು ನನ್ನ ತಮ್ಮ ಗಣೇಶನ ಹೆಂಡತಿ ಸುಜಾತ. ಗಣೇಶ ಎಲ್ಲಿ ಎನ್ನುತ್ತೀರಾ? ಮೀನಿಗೆ ಹೋದವನು ಬೋಟಿನಿಂದ ನೀರಿಗೆ ಬಿದ್ದ. ಜೊತೆಯವರು ಹುಡುಕಿದರು. ಸುತ್ತಲಿನ ಬೋಟಿನವರೂ ಬಲೆ ಬಿಟ್ಟು ಬಂದು ಹುಡುಕಿದರು. ಪೊಲೀಸರು ಬಂದು ಹೇಳಿಕೆ ಬರೆದುಕೊಂಡು ಹೋದರು. ಹೆಣ ಸಿಗಲಿಲ್ಲ. ಆಮೇಲೆ ಒಂದು ಮಳೆಗಾಲವೇ ಕಳೆದುಹೋಯಿತು.

ಹೆಣ ಸಿಗದಿದ್ದರೆ ಮನೆಯಲ್ಲಿ ಏನಾಗುತ್ತದೆ ಗೊತ್ತೇ? ಏನೂ ಆಗುವುದಿಲ್ಲ. ಅದೇ ಸಂಕಟ. ಸೂತಕವಿಲ್ಲ, ಉತ್ತರಕ್ರಿಯೆಯ ಬೊಜ್ಜವಿಲ್ಲ, ನೆಂಟರು ಬಂದು ತಬ್ಬಿಕೊಂಡು ಅಳುವುದಿಲ್ಲ. (ಬೊಂಬೆ ಮಾಡಿ ಕ್ರಿಯೆ ಮುಗಿಸುವ ದಾರಿ ಇದೆಯಂತೆ. ಆ ಮಾತೆತ್ತಿದ ನನ್ನ ಚಿಕ್ಕಪ್ಪನನ್ನು ಅಮ್ಮ ಅಂಗಳದಿಂದಲೇ ಹಿಂದೆ ಕಳಿಸಿದರು.)

"ಗುಜರಾತ್ ಬದಿ ಬೋಟ್ನವ್ರ್ ಎತ್ತಿ ಹಾಕ್ಕಂಡ್ ಹೋಯಿರ್ಕ್. ಅವ ಬತ್ತ. ಬರ್ದೆ ಎಲ್ಲಿಗ್ ಹೋತ?" ಇದು ಅಮ್ಮನ ಮಾತು. ಬೆಳಿಗ್ಗೆಯೂ ಇದೇ, ಸಂಜೆಯೂ ಇದೇ.

ಹಾಗಾಗಿ ಸುಜಾತಳ ಹಣೆಯಲ್ಲಿ ಕುಂಕುಮ ಇರಬೇಕು. ಶುಕ್ರವಾರ ತಲೆಗೆ ಮಲ್ಲಿಗೆ ಮುಡಿಯಬೇಕು. ಕೈತುಂಬ ಬಳೆ ಬೇಕು. ಕಣ್ಣೀರು ಮಾತ್ರ ಬೇಡ. ಬದುಕಿರುವ ಗಂಡನಿಗೆ ಅತ್ತರೆ ಅಪಶಕುನವಲ್ಲವೇ? ಅಮ್ಮನ ಮನೆಯ ಕಾನೂನು ಅದು. ಅಮ್ಮ ಕೆಟ್ಟವರೇನಲ್ಲ. ಸೊಸೆಗೆ ಊಟದ ಬಟ್ಟಲಲ್ಲಿ ಮೀನಿನ ದೊಡ್ಡ ತುಂಡನ್ನೇ ಹಾಕುವವರು. ಆದರೆ ಆ ಒಂದು ವಿಷಯಕ್ಕೆ ಬಂದರೆ ಕಲ್ಲು.

ಇನ್ನು ಫ್ಯಾನ್ ವಿಷಯ. ಟೈಲ್ಸ್ ಹಾಕಿಸಿದ ವರ್ಷ ಗಣೇಶನೇ ತಂದು ಕೂರಿಸಿದ್ದು. ಕಡಲ ಗಾಳಿಗೆ ನಮ್ಮಲ್ಲಿ ಯಾವ ಕಬ್ಬಿಣ ಉಳಿದದ್ದಿದೆ? ತುಕ್ಕು ಹಿಡಿಯಿತು. ಅಮ್ಮ ತಲೆಗೂ ದೋಸೆಗೂ ಬಾಗಿಲ ತಿರುಗಣಿಗೂ ಹಾಕುವ ಅದೇ ತೆಂಗಿನೆಣ್ಣೆಯನ್ನು ಅದಕ್ಕೂ ಹೊಯ್ದರು. ಎಣ್ಣೆಗೆ ಧೂಳು ಅಂಟಿ ಗಟ್ಟಿಯಾಗಿ, ಸದ್ದು ದುಪ್ಪಟ್ಟಾಯಿತು. ನಾನು ಕುಂದಾಪುರದಿಂದ ಸಂಜೆ ಫೋನ್ ಮಾಡಿದರೆ ಅಮ್ಮನ ದನಿಗಿಂತ ಮೊದಲು ಗರಗರ ಕೇಳುತ್ತಿತ್ತು.

"ಎಂತದಮ್ಮಾ ಅದ್?"

"ಅದೇ ಫ್ಯಾನ್ ಮಾರಾಯ್ತಿ. ಈ ಹೆಣ್ ಮೀಯುಕ್ ಹೋರೆ ಬೇಗ ಹೊರ್ಗ್ ಬಪ್ಪುದೇ ಇಲ್ಲೆ. ನಂಗ್ ಟೀವಿಯೂ ಕೇಂತಿಲ್ಲೆ."

ನನ್ನ ಸ್ವಭಾವ ನಿಮಗೆ ಗೊತ್ತು. ಸೋರುವ ನಲ್ಲಿ, ಕಿರುಗುಟ್ಟುವ ಮಂಚ, ಅಲುಗಾಡುವ ಕುರ್ಚಿ ಕಂಡರೆ ನನಗೆ ಅನ್ನ ಸೇರುವುದಿಲ್ಲ. ಮನಸ್ಸಿನೊಳಗೆ ಮುರಿದದ್ದನ್ನು ಸರಿಮಾಡಲು ಬಾರದವರು ಹೀಗೇ ಮನೆಯ ಸಾಮಾನಿನ ಮೇಲೆ ಬೀಳುವುದಿರಬೇಕು. ಸುಜಾತಳಿಗೆ ಫೋನ್ ಮಾಡಿದೆ. "ಶನಿವಾರ ಹೊಸ ಫ್ಯಾನ್ ತತ್ತೆ."

"ಬ್ಯಾಡ. ಆ ಫ್ಯಾನ್ ಹಂಗೇ ಇರ್ಲಿ ಅತ್ತಿಗೆ."

"ಎಂತಕೆ?"

"ಎಂತಕಿಲ್ಲ. ಅಭ್ಯಾಸ ಆಯ್ತ್."

ಗಂಡ ಹಾಕಿಸಿದ್ದಲ್ಲವೇ, ಅದರ ಮೇಲೆ ಆಸೆ ಇರಬೇಕು ಎಂದುಕೊಂಡೆ. ಪಾಪ ಎನಿಸಿತು. ಹಾಗಂತ ಸುಮ್ಮನಾದೆನೇ? ಹಳೆಯದನ್ನು ಒರೆಸಿ ಅಟ್ಟದ ಮೇಲೆ ಜೋಪಾನವಾಗಿ ಇಟ್ಟರಾಯಿತು ಎಂದು ತೀರ್ಮಾನಿಸಿದೆ. ನಮಗೆ ಬೇರೆಯವರ ದುಃಖ ಎಷ್ಟು ಬೇಗ ಅರ್ಥವಾಗಿಬಿಡುತ್ತದೆ ನೋಡಿ!

ಶನಿವಾರ ಬಸ್ಸಿನಲ್ಲಿ ಡಬ್ಬ ತೊಡೆಯ ಮೇಲಿಟ್ಟುಕೊಂಡು ಹೋದೆ. ಸುಜಾತ ಗೇರುಬೀಜದ ಫ್ಯಾಕ್ಟರಿಗೆ ಕೆಲಸಕ್ಕೆ ಹೋಗಿದ್ದಳು. ಕರೆಸಿದ ಎಲೆಕ್ಟ್ರಿಷಿಯನ್ ಬಂದ. ಹಳೆಯದನ್ನು ಒಮ್ಮೆ ಓಡಿಸಿ ನೋಡಿ ನಕ್ಕ. "ಹ್ವಾಯ್ ಅಕ್ಕ, ಇದ್ ಫ್ಯಾನಲ್ಲ, ಬೋಟಿನ್ ಇಂಜಿನ್!"

ಅಮ್ಮ ಅಡುಗೆಮನೆಗೆ ಎದ್ದುಹೋದರು. ಅವನಿಗೆ ಗೊತ್ತಿರಲಿಲ್ಲ, ತಪ್ಪು ಅವನದ್ದಲ್ಲ. ಹೊಸದನ್ನು ಕೂರಿಸಿ ಸ್ವಿಚ್ ಹಾಕಿದಾಗ ತಿರುಗುತ್ತಿದೆಯೋ ಇಲ್ಲವೋ ಎಂದು ತಲೆಯೆತ್ತಿ ನೋಡಬೇಕಾಯಿತು. ಅಷ್ಟು ಮೌನ. ನನಗೆ ಬಹಳ ಖುಷಿ.

ಸಂಜೆ ಸುಜಾತ ಬಂದಳು. ಗೇರು ಸುಲಿದು ಕಪ್ಪಾದ ಬೆರಳುಗಳು, ದಣಿದ ಮುಖ. "ಯಾವಾಗ್ ಬಂದ್ರಿ ಅತ್ತಿಗೆ?" ಎಂದಳು. ಬಟ್ಟೆ ಹೆಗಲಿಗೆ ಹಾಕಿಕೊಂಡು ಹೊರಗಿನ ಸ್ವಿಚ್ ಒತ್ತಿದಳು. ಬಾಗಿಲಲ್ಲೇ ನಿಂತು ಮೇಲೆ ನೋಡಿದಳು. ನಾನು ಹೊಗಳಿಕೆಗೆ ಕಾಯುತ್ತಿದ್ದೆ. ಅವಳು ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ನಲ್ಲಿ ಪೂರ್ತಿ ಬಿಟ್ಟ ಸದ್ದು. ಬಕೆಟ್ ತುಂಬಿ ಚೆಲ್ಲಿತು. ಅದರ ಮೇಲಿಂದ ಇನ್ನೊಂದು ಸದ್ದು, ಏರಿ, ತಡೆದು, ಮತ್ತೆ ಏರುವಂಥದ್ದು.

ಆಗಲೇ ನಾನು ಫೋನ್ ಎತ್ತಿಕೊಂಡದ್ದು.

ಬಾಯಿಗೆ ಬಟ್ಟೆ ತುರುಕಿಕೊಂಡು ಅಳುವ ಸದ್ದು ಅದು. ಇಡೀ ದಿನ ಹಿಡಿದಿಟ್ಟುಕೊಂಡು ಬಂದವಳು. ಫ್ಯಾನ್ ಸುಮ್ಮನಿದೆ ಎಂದು ಅವಳ ಅಳು ಸುಮ್ಮನಿದ್ದೀತೇ? ತಿಂಗಳುಗಟ್ಟಲೆ ನಾನು ಫೋನಿನಲ್ಲಿ ಕೇಳಿ ಬೈದ ಆ ಗರಗರದ ಕೆಳಗೆ ಇದಿತ್ತು. ಅಯ್ಯೋ ದೇವರೇ, ಎಂಥ ಕೆಲಸ ಮಾಡಿಬಿಟ್ಟೆ!

ನಾನು ಓಡಿಹೋಗಿ ಟೀವಿ ಜೋರು ಮಾಡಬೇಕಿತ್ತು. ರಿಮೋಟ್ ಕೈಗೆ ಸಿಗುವ ಮೊದಲೇ ಅಮ್ಮ ಎದ್ದಿದ್ದರು. ನೆಟ್ಟಗೆ ಹೋಗಿ ಬಾಗಿಲಿಗೆ ಅಂಗೈಯಿಂದ ಬಡಿದರು.

"ಯಾರ್ ಸತ್ತದ್ದ್ ಅಂತ ಮರ್ಕುದ್ ನೀನ್? ಹೇಳ್! ಈ ಮನೆಗ್ ಯಾರ್ ಸತ್ತದ್ದ್?"

ಅಳು ನಿಂತಿತು. ನಲ್ಲಿಯೂ ನಿಂತಿತು. ಸ್ವಲ್ಪ ಹೊತ್ತಿಗೆ ಸುಜಾತ ಹೊರಗೆ ಬಂದಳು. ಮುಖ ತೊಳೆದು, ಕುಂಕುಮ ಇಟ್ಟುಕೊಂಡೇ ಬಂದಿದ್ದಳು.

"ಸೋಪ್ ಕಣ್ಣಿಗ್ ಹೋಯ್ತ್ ಅತ್ತೆ" ಎಂದಳು. ಚಾ ಇಡಲು ಹೋದಳು.

ನನಗೆ ಸಿಟ್ಟು ನೆತ್ತಿಗೇರಿತು. "ಅಮ್ಮ, ಅವ್ಳ್ ಮರ್ಕಲಿ ಬಿಡಿ. ಅವ್ಳಿಗೂ ಜೀವ ಇತ್ತಲ್ದಾ?" ಎಂದೆ. ಅಮ್ಮ ನನ್ನತ್ತ ತಿರುಗಿದರು.

"ನೀನ್ ಅವ್ನ್ ಅಕ್ಕ. ಕಡಲ್ ಕೊಲ್ಲದ್ ಇದ್ದವ್ನ್ನ ನೀನೇ ಕೊಲ್ತ್ಯಾ?"

ನನ್ನ ತಮ್ಮ ಬರುವುದಿಲ್ಲ. ನನಗದು ಗೊತ್ತು. ಬಹುಶಃ ಅಮ್ಮನಿಗೂ ಗೊತ್ತು. ನಾನು ಕುಂದಾಪುರದ ನನ್ನ ಮನೆಯಲ್ಲಿ ಬಾಗಿಲು ಹಾಕಿಕೊಂಡು ಬೇಕಾದಷ್ಟು ಅತ್ತಿದ್ದೇನೆ. ನನ್ನನ್ನು ಯಾರೂ ತಡೆಯಲಿಲ್ಲ.

ಮೊದಲೆಲ್ಲ ಬಚ್ಚಲು ಇದ್ದದ್ದು ಹಿತ್ತಲಿನಲ್ಲಿ. ಹಂಡೆಯ ಒಲೆಗೆ ತೆಂಗಿನ ಹಸಿ ಮಡಲು ತುರುಕಿದರೆ ಹೊಗೆಯೋ ಹೊಗೆ. ಹೆಂಗಸರು ಕೆಂಪು ಕಣ್ಣು ಮಾಡಿಕೊಂಡು ಬಂದರೆ ಯಾರೂ ಏನೂ ಕೇಳುತ್ತಿರಲಿಲ್ಲ. ಈಗ ಬಾತ್‌ರೂಮು ಹಾಲ್‌ಗೆ ಅಂಟಿಕೊಂಡಿದೆ. ಗೀಸರ್ ಇದೆ, ಟೈಲ್ಸ್ ಇದೆ, ಹೊಗೆಯ ನೆಪವೂ ಇಲ್ಲ. ಇಷ್ಟೆಲ್ಲ ಸೌಕರ್ಯ ಮಾಡಿಕೊಂಡ ನಮಗೆ, ಮನೆಯ ಹೆಣ್ಣು ಗಂಡನಿಗಾಗಿ ಅಳಲು ಒಂದು ಮೂಲೆ ಬೇಕೆಂದು ಹೊಳೆಯಲಿಲ್ಲ.

ಹಳೆಯದನ್ನೇ ಮತ್ತೆ ಹಾಕಿಸಲೇ ಎಂದು ಅಡುಗೆಮನೆಯಲ್ಲಿ ಮೆಲ್ಲಗೆ ಕೇಳಿದೆ. ಸುಜಾತ ಚಾ ಸೋಸುತ್ತಿದ್ದಳು.

"ಬ್ಯಾಡ ಅತ್ತಿಗೆ. ಇನ್ನ್ ಅತ್ತೆಗ್ ಗೊತ್ತಾಯ್ತಲೆ. ಶಬ್ದ ಬಂದ್ರೂ ಒಂದೇ, ಬರ್ದಿದ್ರೂ ಒಂದೇ."

ನಿನ್ನೆ ಫೋನ್ ಮಾಡಿದ್ದೆ. ಅಮ್ಮ ಸಂತೋಷದಲ್ಲಿದ್ದರು. ಈಗ ಟೀವಿ ಚೆನ್ನಾಗಿ ಕೇಳುತ್ತದಂತೆ. ಸೊಸೆಯೂ ಬೇಗ ಸ್ನಾನ ಮುಗಿಸಿ ಬರುತ್ತಾಳಂತೆ.

ಆ ಹುಡುಗಿ ಈಗ ಎಲ್ಲಿ ಅಳುತ್ತಾಳೆ?