ಗುಡುಗಮ್ಮನ ಜವೆಗೋಧಿ

ಗುಡುಗಮ್ಮ ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತಳಾಗಿ ಮನೆಗೆ ಬಂದಾಗ, ಆ ಗಂಟಲನ್ನೂ ಡಿಪೋದಲ್ಲೇ ಒಪ್ಪಿಸಿ ಬರಬಾರದಿತ್ತೇ ಎಂದು ಮನೆಯವರಿಗೆಲ್ಲ ಅನ್ನಿಸಿತು. ಆ ಹೆಸರಿಟ್ಟವರು ಪ್ರಯಾಣಿಕರೇ. "ಒಳಗೆ ಸರೀರಿ! ಬಾಗಿಲನ್ನೇನು ಕೊಂಡ್ಕೊಂಡಿದೀರಾ?" ಎಂದು ಆಕೆ ಕೂಗಿದರೆ ಡ್ರೈವರಿಗೆ ಹಾರ್ನ್ ಹೊಡೆಯುವ ಕೆಲಸವೇ ಉಳಿಯುತ್ತಿರಲಿಲ್ಲ. ಈಗ ಅದೇ ಗಂಟಲಿನಲ್ಲಿ ಅಡುಗೆಮನೆಯಿಂದ ಉಪ್ಪಿನ ಡಬ್ಬಿ ಎಲ್ಲಿ ಎಂದು ಕೇಳುತ್ತಿದ್ದಳು. ತೊಟ್ಟಿಲಲ್ಲಿ ಮಲಗಿದ್ದ ಮೊಮ್ಮಗು ಬೆಚ್ಚಿ ಅಳುತ್ತಿತ್ತು. ಸೊಸೆ ಬಾಯಿ ಬಿಟ್ಟು ಏನೂ ಹೇಳುತ್ತಿರಲಿಲ್ಲ. ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಡುತ್ತಿದ್ದಳು, ಅಷ್ಟೇ.

ಗಂಡನದು ಮನೆಯ ಮುಂದೆಯೇ ಪಂಕ್ಚರ್ ಅಂಗಡಿ. ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು ಎನ್ನುವಂಥ ಮನುಷ್ಯ. ಒಂದು ಬೆಳಿಗ್ಗೆ ಟ್ಯೂಬನ್ನು ನೀರಿನಲ್ಲಿ ಅದುಮಿ ಗುಳ್ಳೆ ಹುಡುಕುತ್ತಾ ಅವನೆಂದ: "ನಿಮ್ಮಮ್ಮನ ಹೊಲ ಬೀಳು ಬಿದ್ದಿದೆಯಲ್ಲ, ಹೋಗಿ ಏನಾದ್ರೂ ಬೆಳಿ. ಅಲ್ಲಿ ನೀನು ಕೂಗಿದ್ರೆ ಕಾಗೆ ಓಡುತ್ತೆ. ಲಾಭಾನೇ."

ಆಡಿದ್ದು ಚುಚ್ಚುಮಾತು. ಆದರೂ ಅದು ಆಕೆಯ ತಲೆಯಲ್ಲಿ ಬೇರು ಬಿಟ್ಟಿತು. ಹೊಲ ಊರಂಚಿನಲ್ಲಿ, ಇಟ್ಟಿಗೆ ಗೂಡಿನ ಹಿಂದಿತ್ತು. ಸುತ್ತ ಎಲ್ಲರದೂ ಮೊಣಕಾಲೆತ್ತರದ ಹೊಸ ಗೋಧಿ, ಚೀಲದ ಗೊಬ್ಬರ ತಿಂದು ಒಂದೇ ಸಮ ಬೆಳೆಯುವಂಥದ್ದು. ಅಮ್ಮ ಬೆಳೆಯುತ್ತಿದ್ದದ್ದು ಜವೆಗೋಧಿ: ಆಳೆತ್ತರದ ಪೈರು, ಉದ್ದ ಮೀಸೆಯ ತೆನೆ, ಕಾಳಿಗೆ ಅಂಟಿಕೊಂಡೇ ಇರುವ ಸಿಪ್ಪೆ. ಅದನ್ನೇ ಬಿತ್ತುತ್ತೇನೆಂದು ಗುಡುಗಮ್ಮ ಹೊರಟಳು. ಅಮ್ಮನ ನೆನಪಿಗಾಗಿ ಎಂದು ಹೇಳಿದರೆ ಕೇಳಲು ಚೆಂದ. ನಿಜವೆಂದರೆ, ಪಕ್ಕದ ಹೊಲದವನು "ಅದೆಲ್ಲ ಈ ಕಾಲಕ್ಕೆ ಆಗಲ್ಲ ಬಿಡಮ್ಮ" ಅಂದಿದ್ದ. 'ಆಗಲ್ಲ' ಎಂದು ಯಾರಾದರೂ ಅಂದರೆ ಆಕೆಗೆ ಮೈಯೆಲ್ಲ ತುರಿಕೆ.

ಆದರೆ ಬೀಜ ಎಲ್ಲಿ? ಅದು ಉಳಿದಿದ್ದದ್ದು ಒಂದೇ ಕಡೆ, ಊರಿನ ಆ ತುದಿಯಲ್ಲಿದ್ದ ಅಕ್ಕನ ಹಿತ್ತಲಲ್ಲಿ. ಅಮ್ಮ ಸತ್ತ ಮೇಲೆ ಬೀಸುವ ಕಲ್ಲು ಯಾರಿಗೆ ಎಂಬ ಜಗಳದಲ್ಲಿ ಅಕ್ಕತಂಗಿಯರ ಮಾತು ನಿಂತು ಹೋಗಿತ್ತು. ಕಲ್ಲನ್ನು ಅಕ್ಕ ಹೊತ್ತೊಯ್ದಿದ್ದಳು. ಗುಡುಗಮ್ಮ ಹೋಗಿ ನೋಡಿದರೆ, ಅದು ಕೋಳಿಗೂಡಿನ ಬಾಗಿಲಿಗೆ ಆನಿಸಿಟ್ಟ ಬಂಡೆಯಾಗಿ ಕೂತಿತ್ತು.

"ಏನು, ಬಸ್ಸು ದಾರಿ ತಪ್ತಾ?" ಎಂದಳು ಅಕ್ಕ, ತಲೆ ಎತ್ತದೆ.

"ಅಮ್ಮನ ಗೋಧಿ ಬೇಕು. ಬಿತ್ತೋಕೆ."

"ಅದು ನನ್ನ ಕೋಳಿಗಳಿಗೆ ಬೆಳೆಯೋದು ಕಣೆ. ಸಿಪ್ಪೆ ಬಿಡಿಸೋದ್ರಲ್ಲೇ ಅವುಗಳ ಹೊತ್ತು ಹೋಗುತ್ತೆ, ಒಂದನ್ನೊಂದು ಕುಕ್ಕಲ್ಲ." ಅಕ್ಕ ಈಗ ತಲೆಯೆತ್ತಿ ತಂಗಿಯನ್ನು ಮೇಲಿಂದ ಕೆಳಗೆ ನೋಡಿದಳು. "ನಿನಗೂ ಅದೇ ಔಷಧಿ ಬೇಕಾಗಿದೆ. ತಗೊಂಡು ಹೋಗು. ಕಲ್ಲು ಮಾತ್ರ ಕೇಳ್ಬೇಡ."

ಬಿತ್ತುವ ಮೊದಲು ಕೃಷಿ ಅಧಿಕಾರಿ ಹೊಲಕ್ಕೆ ಬಂದಿದ್ದ. ತೆಳ್ಳನೆಯ, ತಣ್ಣನೆಯ ಮನುಷ್ಯ. "ಉದ್ದ ತಳಿ ಅಮ್ಮಾ, ಇದಕ್ಕೆ ಸೊಂಟ ಗಟ್ಟಿ ಇರಲ್ಲ. ಗೊಬ್ಬರ ಜಾಸ್ತಿ ಆದ್ರೆ ಮಲಗಿಬಿಡುತ್ತೆ. ಮೊದಲು ಕಡಲೆ ಹಾಕಿ, ಆಮೇಲೆ ಇದನ್ನ ತೆಳ್ಳಗೆ ಬಿತ್ತಿ. ನೆಲದಲ್ಲಿರೋ ಸಾರಾನೇ ಸಾಕು" ಎಂದ.

"ನಾನು ಹಾಕೋದು ಸಗಣಿ ಗೊಬ್ಬರ ಸ್ವಾಮಿ, ಕಾರ್ಖಾನೇದಲ್ಲ. ಒಳ್ಳೇದು ಎಷ್ಟು ಹಾಕಿದ್ರೂ ಒಳ್ಳೇದೇ!" ಎಂದು ಆಕೆ ಗುಡುಗಿದಳು. ಅಧಿಕಾರಿ ಹೆಗಲು ಕುಣಿಸಿ ಹೋದ. ಗುಡುಗಮ್ಮ ಹಸು ಸಾಕುವ ಡೈರಿಯಿಂದ ಟ್ರಾಲಿಗಟ್ಟಲೆ ಗೊಬ್ಬರ ತರಿಸಿ ಸುರಿಸಿದಳು.

ಪೈರು ಬಂತು ನೋಡಿ! ಆಕೆಯ ಎದೆ ದಾಟಿ, ತಲೆ ದಾಟಿ ನಿಂತಿತು. ಪಕ್ಕದ ಹೊಲದವನನ್ನು ಬೇಕೆಂದೇ ಕರೆದು, "ಎಲ್ಲಿದೀಯಪ್ಪಾ, ನಿನ್ನ ಬೆಳೆ ಕಾಣ್ತಾನೇ ಇಲ್ಲ" ಎಂದಳು. ಕಾಳು ಹಾಲುಗಟ್ಟುವ ಹೊತ್ತಿಗೆ ಒಂದು ಸಂಜೆ ಗಾಳಿಮಳೆ ಬೀಸಿತು. ಬೆಳಿಗ್ಗೆ ಹೋಗಿ ನೋಡಿದರೆ ಇಡೀ ಹೊಲ ಮಧ್ಯಾಹ್ನದ ಬಸ್ಸಿನ ಪ್ರಯಾಣಿಕರಂತೆ ಒಂದರ ಹೆಗಲ ಮೇಲೊಂದು ಒರಗಿ ನಿದ್ದೆ ಹೋಗಿತ್ತು.

ಗುಡುಗಮ್ಮ ಬದುವಿನ ಮೇಲೆ ಕೂತಳು. ಒಂದು ಮಾತಿಲ್ಲ. ಮನೆಗೆ ಬಂದ ಮೇಲೂ ಇಲ್ಲ. ಮನೆಯಲ್ಲಿ ಮೌನ ಬೇಕೆಂದು ಹಂಬಲಿಸಿದ್ದವರಿಗೆ ಅದು ಸಿಕ್ಕಿದಾಗ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಗಂಡ ಅವಳ ಅಕ್ಕನಿಗೆ ಫೋನು ಮಾಡಿದ: "ಅತ್ತಿಗೆ, ಒಂದ್ಸಲ ಬಂದು ಹೋಗಿ. ಇವಳು ಬಾಯೇ ಬಿಡ್ತಿಲ್ಲ. ನನಗೆ ಭಯ ಆಗ್ತಿದೆ."

ಅಕ್ಕ ಬಂದದ್ದೇ ನಗುವುದಕ್ಕೆ. ಮಲಗಿದ ಹೊಲದ ಮುಂದೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಳು, ಕಣ್ಣೊರೆಸಿಕೊಂಡು ಇನ್ನೊಮ್ಮೆ ನಕ್ಕಳು. "ಅಮ್ಮ ಇದಕ್ಕೆ ಗೊಬ್ಬರ ಹಾಕಿದ್ದನ್ನ ನೀನು ಯಾವತ್ತಾದ್ರೂ ನೋಡಿದ್ಯೇನೇ, ದಡ್ಡಿ?"

"ಗೊತ್ತಿದ್ರೆ ಬೀಜ ಕೊಡುವಾಗ ಬೊಗಳೋಕೆ ಏನಾಗಿತ್ತು ನಿನಗೆ?" ಎಂದು ಗುಡುಗಮ್ಮ ಸಿಡಿದಳು. ಇಟ್ಟಿಗೆ ಗೂಡಿನವರು ತಿರುಗಿ ನೋಡಿದರು. ಗಂಡ ನೆಮ್ಮದಿಯ ಉಸಿರು ಬಿಟ್ಟ.

ಮಲಗಿದ ಪೈರಿಗೆ ಕೊಯ್ಲಿನ ಯಂತ್ರ ಬಾಯಿ ಹಾಕುವುದಿಲ್ಲ. ಕಾಳು ಬಲಿಯುವವರೆಗೆ ಕಾದು, ಅಕ್ಕತಂಗಿಯರಿಬ್ಬರೂ ಸೆರಗು ಸಿಕ್ಕಿಸಿ ಕುಡುಗೋಲು ಹಿಡಿದು, ಹಳೆಯ ಲೆಕ್ಕಗಳನ್ನೆಲ್ಲ ಒಂದೊಂದಾಗಿ ಕೆದಕಿ ಬೈದಾಡಿಕೊಳ್ಳುತ್ತಾ ಕೊಯ್ದರು. ಅರ್ಧ ಕೊಳೆತಿತ್ತು. ಉಳಿದರ್ಧ ಮನೆ ಸೇರಿತು.

ಅಲ್ಲಿಗೆ ಮುಗಿಯಲಿಲ್ಲ. ಸಿಪ್ಪೆ ಅಂಟಿದ ಕಾಳನ್ನು ನೋಡಿ ಹಿಟ್ಟಿನ ಗಿರಣಿಯವನು ಬಾಗಿಲಲ್ಲೇ ಕೈಮುಗಿದ. ಕುಟ್ಟಿದರೆ ಕಾಳು ಒಡೆಯಿತೇ ಹೊರತು ಸಿಪ್ಪೆ ಬಿಡಲಿಲ್ಲ. ಹಠಕ್ಕೆ ಬಿದ್ದು ಸಿಪ್ಪೆ ಸಮೇತ ಮಿಕ್ಸಿಯಲ್ಲಿ ಪುಡಿ ಮಾಡಿಸಿ ಸೊಸೆಯ ಕೈಯಲ್ಲಿ ರೊಟ್ಟಿ ಸುಡಿಸಿದಳು. ಗಂಡ ಬಹಳ ಹೊತ್ತು ಅಗಿದ. "ಚೆನ್ನಾಗಿದೆ" ಎಂದ. "ತಿಂಡೀನೂ ಆಯ್ತು, ಹಲ್ಲು ಉಜ್ಜಿದ ಹಾಗೂ ಆಯ್ತು."

ಉಪಾಯ ಹೊಳೆದದ್ದೂ ಅವನಿಗೇ. ಎರಡು ಕಲ್ಲುಗಳಲ್ಲಿ ಒಂದರ ಮುಖಕ್ಕೆ ಹಳೆಯ ಟೈರಿನ ರಬ್ಬರು ಅಂಟಿಸಿ, ನಡುವೆ ಕಾಳಿನಷ್ಟು ಸಂದು ಬಿಟ್ಟು ತಿರುಗಿಸಿದರೆ ಕಾಳು ಉಜ್ಜಿಕೊಂಡು ಸಿಪ್ಪೆ ಕಳಚುತ್ತದೆ, ಒಡೆಯುವುದಿಲ್ಲ. ಅದಕ್ಕೆ ಬೀಸುವ ಕಲ್ಲು ಬೇಕು. ಎಲ್ಲರೂ ಅಕ್ಕನ ಮುಖ ನೋಡಿದರು.

"ಕೊಡಲ್ಲ" ಎಂದಳು ಅಕ್ಕ. "ಬೇಕಾದ್ರೆ ನಾನೇ ಬಂದು ತಿರುಗಿಸ್ತೀನಿ."

ಹಾಗೆ ಕಲ್ಲಿನ ಜೊತೆ ಅಕ್ಕ ಬಂದಳು, ಅಕ್ಕನ ಜೊತೆ ಕೋಳಿಗಳೂ ಬಂದವು. ಮೊದಲ ಸಲದ ರೊಟ್ಟಿಗೆ ಲಾರಿ ಬ್ರೇಕ್ ಹಾಕಿದಂಥ ವಾಸನೆ ಇತ್ತು. ಅದನ್ನು ಕೋಳಿಗಳೂ ಮೂಸಿ ಅಲ್ಲೇ ಬಿಟ್ಟವು. ಗಂಡ ರಬ್ಬರನ್ನು ಬಿಸಿನೀರಲ್ಲಿ ಕುದಿಸಿ, ಉಜ್ಜಿ, ಬಿಸಿಲಿಗಿಟ್ಟು ಮತ್ತೆ ಅಂಟಿಸಿದ. ಎರಡನೇ ಸಲ ಒಲೆಯಿಂದ ಬಂದ ರೊಟ್ಟಿ ಕಂದು ಬಣ್ಣದ್ದು, ಅಷ್ಟೇನೂ ಉಬ್ಬಿರಲಿಲ್ಲ, ಹುರಿದ ಬೀಜದ ಘಮವಿತ್ತು. ಸೊಸೆ ಇನ್ನೊಂದು ತುಂಡು ಮುರಿದುಕೊಂಡಳು. ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಬಿರುದಿಲ್ಲ.

ಮುಂದಿನ ವರ್ಷ ಕಡಲೆ. ಅದರ ಮುಂದಿನ ವರ್ಷ ಗೊಬ್ಬರವಿಲ್ಲದೆ, ತೆಳ್ಳಗೆ, ಉಳಿಸಿಟ್ಟ ಬೀಜದ್ದೇ ಗೋಧಿ. ಪೈರು ಎತ್ತರ ಬೆಳೆದು ಕಳೆಗೆ ಬಿಸಿಲೇ ಸಿಗದಂತೆ ಮಾಡಿತು. ಗಾಳಿಗೆ ತೂಗಾಡಿತು, ಮಲಗಲಿಲ್ಲ. ಕೃಷಿ ಅಧಿಕಾರಿ ನೋಡಲು ಬಂದಾಗ ಗುಡುಗಮ್ಮ ನೆಲ ನೋಡುತ್ತಾ, "ಅವತ್ತು ನೀವು ಹೇಳಿದ್ದೇ ಸರಿ" ಎಂದು ಗೊಣಗಿದಳು.

ಅಧಿಕಾರಿ ಕಿವಿಗೆ ಕೈ ಆನಿಸಿದ. "ಏನಂದ್ರಿ? ಸ್ವಲ್ಪ ಜೋರಾಗಿ ಹೇಳಿ ಅಮ್ಮಾ."

ಆಕೆಯ ಇಡೀ ಜೀವಮಾನದಲ್ಲಿ ಆ ಮಾತು ಹೇಳಿದವನು ಅವನೊಬ್ಬನೇ.

ಇಳುವರಿ ಪಕ್ಕದ ಹೊಲದವನ ಅರ್ಧದಷ್ಟೂ ಇಲ್ಲ, ಅದನ್ನು ಅವನು ಜ್ಞಾಪಿಸುತ್ತಲೇ ಇರುತ್ತಾನೆ. ಆದರೂ ಹುಡುಕಿಕೊಂಡು ಬರುವವರಿದ್ದಾರೆ. ಒಬ್ಬ ಮೆಲ್ಲಗೆ ಕೇಳಿದ: "ಇದನ್ನ ತಿಂದ್ರೆ ಶುಗರ್ ವಾಸಿಯಾಗುತ್ತಂತಲ್ಲ?"

"ನನಗೇ ಶುಗರ್ ಇದೆ, ಎರಡು ಹೊತ್ತು ಮಾತ್ರೆ ನುಂಗ್ತೀನಿ. ಇದು ಗೋಧಿ ಕಣಪ್ಪ. ತಿಂದ್ರೆ ಹೊಟ್ಟೆ ತುಂಬುತ್ತೆ, ಇನ್ನೇನೂ ಆಗಲ್ಲ!"

"ಮಂಡಿನೋವಿಗಂತೂ ಭಾರೀ ಒಳ್ಳೇದು" ಎನ್ನುತ್ತಾ ಅಕ್ಕ ಒಳಗಿನಿಂದ ಗೋಡೆ ಹಿಡಿದುಕೊಂಡು ಕುಂಟುತ್ತಾ ಬಂದಳು. ಬಂದವನು ಇಬ್ಬರ ಮುಖವನ್ನೂ ನೋಡಿ ಸುಮ್ಮನೆ ಒಂದು ಚೀಲ ಎತ್ತಿಕೊಂಡ.

ಬೀಜವನ್ನು ಮಾತ್ರ ಕೇಳಿದವರಿಗೆಲ್ಲ ಆಕೆ ಕೈತುಂಬ ಕೊಡುತ್ತಾಳೆ, ಗೊಬ್ಬರ ಸುರಿದರೆ ಮನೆಗೇ ಬಂದು ಬೈಯುತ್ತೇನೆಂದು ಹೇಳಿ. ಈ ವರ್ಷದ ಬಿತ್ತನೆಯೂ ಮುಗಿದಿದೆ. ಸಾಲು ಸೊಟ್ಟಗಾದದ್ದು ಯಾರಿಂದ ಎಂಬ ವಿಚಾರಣೆ ಬದುವಿನ ಮೇಲೆ ನಡೆಯಿತು. "ಇಬ್ಬರಿಂದಲೂ" ಎಂದು ಗಂಡ ಬಾಯಿ ತಪ್ಪಿ ತೀರ್ಪು ಕೊಟ್ಟ. ಅಕ್ಕತಂಗಿ ಆ ಕ್ಷಣವೇ ಒಂದಾಗಿ ಅವನ ಕಡೆ ತಿರುಗಿದರು.